ತಗ್ಗು ಬಾಗಿಲಿನ ಮುದ್ರೆಯಂಗಡಿ

ನಮ್ಮ ಊರಿನ ಬೀದಿಗಳೆಲ್ಲವೂ ಓದಿ ನಿಲ್ಲಿಸಿದಂಥವು. ಊರಬಯಲಿನ ಅಂಚಿಗೆ ವರ್ಣನಮಂಟಪವೆಂಬ ಕಲ್ಲುಮಂಟಪವಿದೆ. ಅದರ ಜಗಲಿಯ ಮೇಲೆ ನಿಂತು ಬೀದಿಯೊಂದನ್ನು ಚೆನ್ನಾಗಿ ವರ್ಣಿಸಿದರೆ ಅದು ಎದುರಿನ ಬಯಲಿನಲ್ಲಿ ಎದ್ದು ನಿಲ್ಲುತ್ತದೆ. ಒಬ್ಬರಿಗೆ ಒಂದೇ ವರ್ಣನೆ. ಎರಡನೆಯ ಬಾರಿ ಅದೇ ಬಾಯಿ ಎಷ್ಟು ಸೊಗಸಾಗಿ ಓದಿದರೂ ಬಯಲು ಕಿವಿಗೊಡುವುದಿಲ್ಲ. ಹೀಗಾಗಿ ಮಾತು ಬಲಿಯದ ಮಕ್ಕಳನ್ನು ಮಂಟಪದ ಮೆಟ್ಟಿಲು ಹತ್ತಗೊಡುವುದಿಲ್ಲ. ಹಿಂದೊಮ್ಮೆ ಯಾರದೋ ಮನೆಯ ಮಗು ಅಲ್ಲಿ ಕುಳಿತು ಬೆಲ್ಲದ ಡಬ್ಬಿಯನ್ನು ಹೊಗಳಿತಂತೆ. ಇರುವೆಗಳ ಸಮೇತ ಎದ್ದ ಆ ಬೆಲ್ಲದ ಓಣಿ ಕರಗಿ ಹೋಗುವುದಕ್ಕೆ ಒಂದು ಮಳೆಗಾಲವೇ ಬೇಕಾಯಿತೆಂದು ಹಿರಿಯರು ಹೇಳುತ್ತಿದ್ದರು. ದೊಡ್ಡವರಲ್ಲಿಯೂ ಹೆಚ್ಚಿನವರು ತಮ್ಮ ಪಾಲಿನ ವರ್ಣನೆಯನ್ನು ದನದ ಕೊಟ್ಟಿಗೆಗೋ ಅಡಿಗೆಮನೆಗೋ ಖರ್ಚು ಮಾಡಿಕೊಂಡು ನೆಮ್ಮದಿಯಾಗಿರುತ್ತಾರೆ. ನಮ್ಮ ಪುರಸಭೆಯ ಅಧ್ಯಕ್ಷರಾದ ರುದ್ರಮುನಿಯಪ್ಪನವರು ತಮ್ಮದನ್ನು ಬಸ್ ನಿಲ್ದಾಣದ ಶೌಚಾಲಯಕ್ಕೆ ವಿನಿಯೋಗಿಸಿ ಚುನಾವಣೆ ಗೆದ್ದವರು.

ನಮ್ಮದು ವರ್ಣಕರ ಮನೆತನ. ಊರಿನ ಮೂರು ದೊಡ್ಡ ಬೀದಿಗಳು ಮುತ್ತಜ್ಜ, ಅಜ್ಜ, ತಂದೆ ಇವರ ವಾಣಿಯಿಂದ ಎದ್ದವು ಎಂಬುದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ಆ ಹೆಮ್ಮೆಗೆ ನಾಚಬೇಕಾದ ಕಾರಣ ನನಗೆ ಕಾಣುವುದಿಲ್ಲ. ಮುತ್ತಜ್ಜನವರು ಮಹಾವಿದ್ವಾಂಸರು. ಪುರವರ್ಣನೆ ಹಳೆಯ ಕಾವ್ಯಗಳಲ್ಲಿ ಹೇಗಿದೆಯೋ ಹಾಗೆಯೇ ಓದಿದರು. ಸೌಧಗಳ ಶಿಖರ ಚಂದ್ರನನ್ನು ತಾಕುತ್ತದೆ ಎಂದರು. ಇಂದಿಗೂ ಹುಣ್ಣಿಮೆಯಂದು ಚಂದ್ರನು ಆ ಬೀದಿಯ ಕೊನೆಯ ಮನೆಯ ಕಲಶಕ್ಕೆ ಸಿಕ್ಕಿಕೊಳ್ಳುತ್ತಾನೆ, ಮನೆಯವರು ಮಾಳಿಗೆ ಹತ್ತಿ ಬಿದಿರುಗಳುವಿನಿಂದ ಮೆಲ್ಲನೆ ಬಿಡಿಸಿ ಕಳುಹಿಸುತ್ತಾರೆ. ಬಾಡಿಗೆಗೆ ಬರುವವರಿಗೆ ಬೀಗದ ಕೈಯ ಜೊತೆಗೆ ಆ ಗಳುವನ್ನೂ ಒಪ್ಪಿಸುವುದು ವಾಡಿಕೆ. ಸ್ತ್ರೀಯರು ಕಮಲಮುಖಿಯರು ಎಂದರು. ಆ ಬೀದಿಯ ಹೆಣ್ಣುಮಕ್ಕಳು ದುಂಬಿಗಳನ್ನು ಓಡಿಸುವ ಬೀಸಣಿಗೆಯನ್ನು ಒಂದು ಕೈಯಲ್ಲಿ ಹಿಡಿದೇ ಇನ್ನೊಂದು ಕೈಯಲ್ಲಿ ತರಕಾರಿ ಆರಿಸುತ್ತಾರೆ. ಇದನ್ನೆಲ್ಲ ಕಂಡ ಅಜ್ಜನವರು ಉತ್ಪ್ರೇಕ್ಷೆಯನ್ನು ಮನೆಯಿಂದ ಹೊರಗಿಟ್ಟರು. ಕಂಡದ್ದನ್ನು ಕಂಡಷ್ಟೇ ಹೇಳುವ ಸ್ವಭಾವೋಕ್ತಿಯೊಂದೇ ನಮ್ಮ ಮನೆಯ ಅಲಂಕಾರ ಎಂದು ದೇವರ ಮುಂದೆ ಪ್ರಮಾಣ ಮಾಡಿ, ನನ್ನ ತಂದೆಯಿಂದಲೂ ಮಾಡಿಸಿದರು, ತಂದೆ ನನ್ನಿಂದ ಮಾಡಿಸಿದರು. ಅಜ್ಜನವರು ಊರೂರು ಸುತ್ತಿ, ತಾವು ಕಣ್ಣಾರೆ ಕಂಡ ಬೀದಿಯೊಂದನ್ನೇ ತಂದು ಓದಿದರು. ಆ ಬೀದಿಯಲ್ಲಿ ಬಿಸಿಲು ಬಿಸಿಲಿನಷ್ಟಿದೆ, ನೆರಳು ನೆರಳಿನಷ್ಟಿದೆ. ಅಲ್ಲಿ ಮನೆ ಸಿಗುವುದು ಬಹಳ ಕಷ್ಟ.

ಬಯಲಿನ ಆಚೆಯ ತುದಿಗೆ, ಸಣ್ಣ ಕೊಳವೊಂದರ ನಡುವೆ, ವಾಗ್ದೇವಿಯ ಗುಡಿಯಿದೆ. ವೀಣಾಪಾಣಿಯಾದ ಆ ತಾಯಿಯ ಪ್ರಸಾದದಿಂದಲೇ ನಮ್ಮ ಬೀದಿಗಳು ಏಳುತ್ತವೆ; ಆಕೆಯ ಗುಡಿಗೆ ಮಾತ್ರ ಬೀದಿಯಿರಲಿಲ್ಲ. ಅರ್ಚಕರೂ ನಾವೂ ಮುಳ್ಳುಪೊದೆಯನ್ನು ಸುತ್ತುಹಾಕಿ, ಕೆಸರಿನಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ಹೋಗಬೇಕು. ಅಜ್ಜನ ಬೀದಿ ಆಕೆಯ ಕಡೆಗೆ ಹೊರಟಿತು, ತಂದೆಯ ಬೀದಿ ಅದನ್ನು ಬಯಲಿನ ನಡುವಿನವರೆಗೆ ಮುಂದುವರಿಸಿತು, ಉಳಿದ ಭಾಗ ನನ್ನದು. ದೂರದೊಂದು ಕ್ಷೇತ್ರದಲ್ಲಿ ನಾನು ಯೌವನದಲ್ಲಿ ಕಂಡಿದ್ದ ಗುಡಿಬೀದಿಯನ್ನು ಆರಿಸಿಕೊಂಡು, ಕಂದಪದ್ಯಗಳಲ್ಲಿ ಬರೆದು, ತಿದ್ದುತ್ತ, ತಲೆ ನರೆಯುವವರೆಗೆ ಕಾಪಾಡಿಕೊಂಡು ಬಂದಿದ್ದೆ. ಮಗನಿಗೆ ಛಂದಸ್ಸು ಒಲಿಯಲಿಲ್ಲ, ಊರಿನ ನೀರಿನ ಪಂಪು ಒಲಿಯಿತು. ಆದುದರಿಂದ ನನ್ನ ಓದೇ ಮನೆತನದ ಕೊನೆಯ ಓದು. ಈ ವರ್ಷದ ನವರಾತ್ರಿಯಲ್ಲಿ, ಸರಸ್ವತಿ ಪೂಜೆಯ ದಿನ, ಅದನ್ನು ಓದುವುದೆಂದು ನಿಶ್ಚಯವಾಗಿ, ರುದ್ರಮುನಿಯಪ್ಪನವರು ಆಮಂತ್ರಣವನ್ನೂ ಅಚ್ಚು ಹಾಕಿಸಿದ್ದರು.

ಅಷ್ಟರಲ್ಲಿ ನನ್ನ ಸೊಸೆ ಒಂದು ಬೀದಿಯನ್ನು ಎಬ್ಬಿಸಿಬಿಟ್ಟಳು.

ಚಾರುಮತಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಬಿಡುವಿನಲ್ಲಿ ವಿಡಿಯೋ ಗೇಮ್ ಆಡುತ್ತಾಳೆ. ಬೇಸಗೆ ರಜೆಯಲ್ಲಿ ಮಹಿಳಾ ಸಮಾಜದವರು ಆಟದ ಸ್ಪರ್ಧೆ ಇಟ್ಟುಕೊಂಡು, ನೆರಳಿದೆಯೆಂಬ ಒಂದೇ ಕಾರಣಕ್ಕೆ ದೊಡ್ಡ ಪರದೆಯನ್ನು ಮಂಟಪದ ಜಗಲಿಯ ಮೇಲೆ ಕಟ್ಟಿದರು. ಜಪಾನಿನ ಯಾವುದೋ ಮಹಾನಗರದ ಹಳೆಯ ಪೇಟೆಯೊಂದನ್ನು ಇದ್ದದ್ದು ಇದ್ದಂತೆ ಮಾಡಿಟ್ಟ ಆಟ ಅದು. ನಿವೃತ್ತನಾದ ಕುಸ್ತಿಯವನೊಬ್ಬ ಅಲ್ಲಿನ ರೌಡಿಗಳ ನಡುವೆ ತನ್ನ ತಂಗಿಯನ್ನು ಹುಡುಕುತ್ತ ಅಲೆಯುತ್ತಾನೆ. ಚಾರುಮತಿಗೆ ಹೊಡೆದಾಟ ಬೇಸರವಾಗಿ, ಕುಸ್ತಿಯವನನ್ನು ಸುಮ್ಮನೆ ನಡೆಸಿಕೊಂಡು ಹೋಗುತ್ತ, ಗೆಳತಿಯರಿಗೆ ಪೇಟೆಯನ್ನು ಬಾಯ್ತುಂಬ ವರ್ಣಿಸಿ ತೋರಿಸಿದಳಂತೆ. ಆಟ ಮುಗಿಸಿ ಪರದೆ ಸುತ್ತುವ ಹೊತ್ತಿಗೆ ತಂದೆಯವರ ಬೀದಿಯ ತುದಿಯಿಂದ ಮುಂದಕ್ಕೆ, ಬಯಲಿನಲ್ಲಿ, ಜಪಾನಿನ ಬೀದಿ ನಿಂತಿತ್ತು.

ಮನೆಗೆ ಓಡಿ ಬಂದವಳು ಬಾಗಿಲಲ್ಲೇ ನಿಂತಳು. "ಮಾವ, ನನ್ನ ಪಾಲಿಂದು ಮುಗ್ದೋಯ್ತು. ನಿಮ್ಮ ಬೀದಿಗೆ ಇಟ್ಟಿದ್ದ ಜಾಗದಲ್ಲೇ ಎದ್ದುಬಿಟ್ಟಿದೆ. ಬೈಯೋದಿದ್ರೆ ಈಗಲೇ ಬೈದುಬಿಡಿ, ಅನ್ನಕ್ಕಿಡಬೇಕು."

"ಗುಡಿಯವರೆಗೂ ಹೋಗಿದೆಯೇನಮ್ಮ?"

"ಇಲ್ಲ. ಗುಡಿಗೆ ಸ್ವಲ್ಪ ಮುಂಚೆ ಒಂದು ಗೋಡೆಗೆ ನಿಂತಿದೆ. ಆಟದಲ್ಲೂ ಬೀದಿ ಅಲ್ಲಿಗೇ ಮುಗಿಯೋದು."

ನಾನು ಬೈಯಬೇಕೆಂದೇ ಹೊರಟೆ. ಹೋಗಿ ನೋಡಿದೆ. ಮಳೆ ಈಗತಾನೆ ನಿಂತಂತೆ ರಸ್ತೆ ಒದ್ದೆಯಾಗಿತ್ತು. ನಮ್ಮ ಬೇಸಗೆಯ ಬಿಸಿಲಿನಲ್ಲಿಯೂ ಅದು ಆರಲಿಲ್ಲ, ಇಂದಿಗೂ ಆರಿಲ್ಲ. ನೀರು ನಿಂತ ಗುಂಡಿಗಳಲ್ಲಿ ಬಣ್ಣಬಣ್ಣದ ನಾಮಫಲಕಗಳು ತಲೆಕೆಳಗಾಗಿ ಮಿನುಗುತ್ತಿದ್ದವು. ತಲೆಯ ಮೇಲೆ ವಿದ್ಯುತ್ತಿನ ತಂತಿಗಳು ಹೆಣೆದುಕೊಂಡಿದ್ದ ಕ್ರಮದಲ್ಲಿಯೂ ಒಂದು ನಿಷ್ಠೆಯಿತ್ತು: ಯಾವನೋ ಪುಣ್ಯಾತ್ಮನು ಅಲ್ಲಿ ನಿಂತು, ಕತ್ತೆತ್ತಿ, ಒಂದೊಂದು ತಂತಿಯೂ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೋಡಿಕೊಂಡಿದ್ದ. ಗೋಡೆಗೆ ಒರಗಿಸಿದ ಸೈಕಲ್ಲಿನ ಚಕ್ರದ ಒಂದು ಕಡ್ಡಿ ಮುರಿದಿತ್ತು. ಸುಳ್ಳು ಹೇಳುವವನು ಕಡ್ಡಿಯನ್ನು ಮುರಿಯುವುದಿಲ್ಲ. ಕಾಣದ ದೇಶದ, ಹೆಸರು ತಿಳಿಯದ, ಆ ಆಟ ಮಾಡಿದವರು ನನ್ನ ಅಜ್ಜನವರು ಮಾಡಿದ್ದನ್ನೇ ಮಾಡಿದ್ದರು: ಬೀದಿಯಲ್ಲಿ ನಡೆದು, ಕಂಡು, ಕಂಡಷ್ಟನ್ನೇ ತಂದಿದ್ದರು. ನನ್ನ ಕೋಪ ಎಲ್ಲಿ ಹೋಯಿತೋ ತಿಳಿಯದು. "ಇದು ಪುರವರ್ಣನೆಯೇ ಕಣಮ್ಮ" ಎಂದು ಚಾರುಮತಿಗೆ ಹೇಳಿದೆ. "ನಮ್ಮ ಮನೆಯ ವರ್ಣನೆಯ ಸಾಲಿಗೆ ಇದೂ ಸೇರಿತು."

ಅವಳು ಮುಖ ತಿರುಗಿಸಿ ಕಣ್ಣೊರಸಿಕೊಂಡು, "ಅನ್ನ ಸೀದಿರುತ್ತೆ" ಎಂದು ಹೊರಟುಹೋದಳು.

ಕೊರತೆಯೊಂದಿತ್ತು. ಆ ಬೀದಿಯಲ್ಲಿ ಕೆಲವೇ ಬಾಗಿಲುಗಳು ತೆರೆಯುತ್ತಿದ್ದವು. ಆಟದಲ್ಲಿ ತಮ್ಮ ನಿಜವಾದ ಅಂಗಡಿಯನ್ನು, ನಿಜವಾದ ಹೆಸರಿನೊಂದಿಗೆ ಜಾಹೀರಾತಾಗಿ ಸೇರಿಸಿಕೊಳ್ಳಿರೆಂದು ಒಪ್ಪಂದ ಮಾಡಿಕೊಂಡವರ ಬಾಗಿಲುಗಳು ಅವು. ಉಳಿದವೆಲ್ಲ ಗೋಡೆಗೆ ಬಿಡಿಸಿದ ಬಾಗಿಲುಗಳು. ಅಂಚೆಯವನು ಮೊದಲ ವಾರ ಅವುಗಳನ್ನೆಲ್ಲ ತಟ್ಟಿ ಬೆರಳು ನೋಯಿಸಿಕೊಂಡ. ಹೂವಿನ ತಿಮ್ಮಕ್ಕ ಮಾತ್ರ ಅಂಥದೊಂದು ಬಾಗಿಲ ಮೆಟ್ಟಿಲ ಮೇಲೆ ಬುಟ್ಟಿಯಿಟ್ಟು ಕುಳಿತು, "ತೆಗೆಯೋ ಬಾಗ್ಲಾದ್ರೆ ಏಳಮ್ಮಾ ಅಂತಾರೆ. ಇದು ನನ್ ಪುಣ್ಯದ ಬಾಗ್ಲು" ಎಂದಳು. ತೆರೆಯುವ ಅಂಗಡಿಗಳಲ್ಲಿ ಒಂದು, ಎಲ್ಲ ಸಾಮಾನೂ ಸಿಗುವ ಮಳಿಗೆ. ಅಲ್ಲಿ ಅಂಗಡಿಯ ಹೆಸರನ್ನೇ ಪಲ್ಲವಿಯಾಗಿಸಿದ ಹಾಡೊಂದು ಬಿಡುವಿಲ್ಲದೆ ಕೇಳಿಸುತ್ತದೆ. ಗುಡಿಯ ಅರ್ಚಕರು ಅಭಿಷೇಕದ ನಡುವೆ ಅದನ್ನೇ ಗುನುಗಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಟವಾಡಿದ ಹೊರಊರಿನವರು ಬರತೊಡಗಿದರು. ಎಂದೂ ಕಾಲಿಡದ ಬೀದಿಯಲ್ಲಿ ಯಾರನ್ನೂ ದಾರಿ ಕೇಳದೆ, ತವರಿಗೆ ಬಂದವರಂತೆ, ನೇರವಾಗಿ ಇಷ್ಟದ ಅಂಗಡಿಗೆ ನಡೆದುಹೋಗುತ್ತಿದ್ದರು. ಬೀದಿಯ ಕೊನೆಯ ಗೋಡೆಗೆ ಒರಗಿ ಶಕ್ತಿಪಾನೀಯವೊಂದರ ಮಾರಾಟಯಂತ್ರ ಬೆಳಗುತ್ತ ನಿಂತಿತ್ತು. ಅದರ ಮುಂದೆ ಫೋಟೋ ತೆಗೆಸಿಕೊಳ್ಳದೆ ಯಾರೂ ಹಿಂದಿರುಗುತ್ತಿರಲಿಲ್ಲ. ರುದ್ರಮುನಿಯಪ್ಪನವರು ಅದಕ್ಕೊಂದು ಹಾರವನ್ನೂ ಹಾಕಿಸಿದ್ದರು.

ಆಷಾಢದಲ್ಲಿ ಒಬ್ಬ ವೃದ್ಧೆ ಬಂದರು. ಬೂದುಬಣ್ಣದ ಉಡುಗೆ, ಭುಜಕ್ಕೊಂದು ಬಟ್ಟೆಯ ಚೀಲ. ಬೇರೆಯವರಂತೆ ಫೋಟೋ ತೆಗೆಯದೆ, ಆ ಯಂತ್ರದ ಮುಂದೆ ಸುಮ್ಮನೆ ನಿಂತರು. ಮರುದಿನವೂ ನಿಂತಿದ್ದರು. ಅವರು ಆಟದಲ್ಲಿದ್ದ ಅದೇ ಜಪಾನಿನ ಪೇಟೆಯವರು, ಹೆಸರು ಹಯಾಸೆ ತೊಮಿಯೆ ಎಂದು ಮುಂದೆ ತಿಳಿಯಿತು. ಊರವರು ಹಯಾಸಮ್ಮ ಎಂದು ಕರೆದರು. ಚಾರುಮತಿಗೆ ಆಟ ಆಡಿ ಆಡಿ ಜಪಾನಿ ಮಾತು ಬಂದಿತ್ತು. ಆದರೆ ಕಲಿಸಿದ ಗುರುಗಳು ಆಟದೊಳಗಿನ ರೌಡಿಗಳು. ಅವಳು ಕೈಮುಗಿದು, ಮುಗುಳ್ನಕ್ಕು, ಬಹಳ ವಿನಯದಿಂದ ಏನೋ ಕೇಳಿದಳು. ವೃದ್ಧೆಯ ಹುಬ್ಬು ಹಣೆಗೇರಿತು. ಬಳಿಕ ಬಾಯಿಗೆ ಕೈ ಅಡ್ಡವಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಏನು ಕೇಳಿದೆಯಮ್ಮ?" ಎಂದೆ.

"ಯಾವೂರಿಂದ ಬಂದಿರಿ ಅಂತ ಕೇಳ್ದೆ ಮಾವ. ನಾನು ಕೇಳಿದ ಧಾಟಿಗೆ, 'ಏಯ್ ಮುದುಕಿ, ಯಾರ ಏರಿಯಾ ಇದು ಗೊತ್ತೇನೆ' ಅನ್ನೋ ಅರ್ಥ ಬರುತ್ತಂತೆ." ಅವಳ ಮುಖ ಕೆಂಪಾಗಿತ್ತು. "ಅವರ ಬೀದೀಲಿ ಹೀಗೆ ಮಾತಾಡೋರು ಬೇಕಾದಷ್ಟು ಜನ ಇದ್ರಂತೆ. ಅವರೂ ಇವರ ಯಜಮಾನರ ಹತ್ರಾನೇ ಮುದ್ರೆ ಕೆತ್ತಿಸ್ತಿದ್ರಂತೆ."

ಅಲ್ಲಿ ಸಹಿಯ ಬದಲು ಹೆಸರಿನ ಮುದ್ರೆ ಒತ್ತುತ್ತಾರೆ. ಹಯಾಸಮ್ಮನ ಪತಿ ಮುದ್ರೆ ಕೆತ್ತುವವರು. ಅವರ ಅಂಗಡಿ ಇದ್ದದ್ದು ಬೀದಿಯ ಕೊನೆಯಲ್ಲಿ, ಈ ಪಾನೀಯದ ಯಂತ್ರ ನಿಂತ ಜಾಗದಲ್ಲಿ. ಆಟ ಮಾಡುವವರು ಕ್ಯಾಮೆರಾ ಹಿಡಿದು ಬಂದು, ತಲೆಬಾಗಿ, ನಿಮ್ಮ ಅಂಗಡಿಯನ್ನೂ ಸೇರಿಸಿಕೊಳ್ಳಬಹುದೇ ಎಂದು ಕೇಳಿದ್ದರಂತೆ. ಯಜಮಾನರು ಹಾಸಿಗೆ ಹಿಡಿದಿದ್ದರು. ನಮ್ಮ ಅಂಗಡಿ ಆಟದ ಸಾಮಾನಲ್ಲ ಎಂದು ಹಯಾಸಮ್ಮ ಕಳುಹಿಸಿಬಿಟ್ಟರು. ಮುಂದೆ ಯಜಮಾನರು ತೀರಿಕೊಂಡರು. ಬೀದಿಯನ್ನು ಕೆಡವಿ ಗಾಜಿನ ಗೋಪುರ ಕಟ್ಟಿದರು. ಹಳೆಯ ಬೀದಿ ಆಟದಲ್ಲಿ ಮಾತ್ರ ಉಳಿಯಿತು, ಈ ಅಂಗಡಿಯೊಂದನ್ನು ಬಿಟ್ಟು.

"ಬೇಡ ಎಂದೆ. ಅವರು ನನ್ನ ಮಾತನ್ನು ನಡೆಸಿಕೊಟ್ಟರು" ಎಂದು ಹಯಾಸಮ್ಮ ಚಾರುಮತಿಯ ಬಾಯಲ್ಲಿ ಹೇಳಿದರು. "ಇಂದು ಕೇಳಿದರೂ ಬೇಡವೆಂದೇ ಹೇಳುತ್ತೇನೆ. ಆದರೆ ನಿಮ್ಮ ಊರಿನಲ್ಲಿ ಬೀದಿ ನಿಜವಾಗಿಯೇ ನಿಂತಿದೆ ಎಂದು ಕೇಳಿದೆ. ನಿಜವಾಗಿ ನಿಂತದ್ದರಲ್ಲಿ ಎಲ್ಲಿಯಾದರೂ ಇದ್ದೀತೇ ಎಂದು ನೋಡಲು ಬಂದೆ."

ಚಾರುಮತಿ ಅವರನ್ನು ಮಂಟಪಕ್ಕೆ ಕರೆದೊಯ್ದಳು. ಅವರ ಪಾಲಿನ ವರ್ಣನೆ ಅವರದ್ದು ಇತ್ತಲ್ಲ. ನಾನೂ ಜೊತೆಗೆ ಹೋದೆ. ಹಯಾಸಮ್ಮ ಜಗಲಿಯ ಮೇಲೆ ನಿಂತು, ಬಯಲಿಗೆ ಒಮ್ಮೆ ತಲೆಬಾಗಿ, ಒಂದು ಸಣ್ಣ ವಾಕ್ಯ ಹೇಳಿದರು. ಮುಂದಿನ ಮಾತು ಬರಲಿಲ್ಲ. ನಾವು ಕಾದೆವು. ಬಯಲು ಕಾಯಲಿಲ್ಲ. ಬೀದಿಯ ಕೊನೆಯಲ್ಲಿ, ಯಂತ್ರದ ಪಕ್ಕದಲ್ಲಿ, ಎಡಭಾಗ ಸವೆದ ಮರದ ಮಣೆಯೊಂದು ಎದ್ದಿತ್ತು. 'ಅವರು ಇಲ್ಲಿ ಕೂರುತ್ತಿದ್ದರು' ಎಂದಷ್ಟೇ ಅವರು ಹೇಳಿದ್ದರು.

ಅಂದಿನಿಂದ ಹಯಾಸಮ್ಮ ಬೆಳಿಗ್ಗೆ ಬಂದು ಆ ಮಣೆಯ ಮೇಲೆ ಕೂರುತ್ತಿದ್ದರು. ಯಾರ ಮುಂದೆಯೂ ಅಳಲಿಲ್ಲ, ಯಾರನ್ನೂ ಏನನ್ನೂ ಕೇಳಲಿಲ್ಲ. ಯಂತ್ರದ ಮುಂದೆ ಫೋಟೋ ತೆಗೆಸಿಕೊಳ್ಳುವವರು, "ಅಜ್ಜಿ, ಸ್ವಲ್ಪ ಸರೀರಿ" ಎಂದರೆ ಮಣೆಸಹಿತ ಸರಿಯುತ್ತಿದ್ದರು. ನಾನು ಗುಡಿಗೆ ಹೋಗಿಬರುವಾಗ ಅದನ್ನು ನೋಡುತ್ತಿದ್ದೆ. ಹೀಗೆ ನೋಡುತ್ತ ಒಂದು ದಿನ ನನ್ನ ಕಾಲು ತಾನಾಗಿಯೇ ಅಲ್ಲಿ ನಿಂತಿತು.

"ಚಾರು, ಅವರನ್ನು ಕೇಳು" ಎಂದೆ. "ಅಂಗಡಿಯ ಬಾಗಿಲು ಎಂಥದು?"

ಚಾರುಮತಿ ನನ್ನ ಮುಖವನ್ನೇ ನೋಡಿದಳು. "ಮಾವ, ನಿಮ್ಮ ಹತ್ರ ಇರೋದು ಒಂದೇ."

"ಕೇಳಲಿಕ್ಕೆ ಲೆಕ್ಕವಿಲ್ಲವಲ್ಲ. ಕೇಳಮ್ಮ."

ಹಯಾಸಮ್ಮ ಜಾಣೆ, ಏತಕ್ಕೆ ಕೇಳುತ್ತೇನೆಂದು ಕೂಡಲೇ ತಿಳಿದುಕೊಂಡರು. ತಲೆಯಲ್ಲಾಡಿಸಿ, ಗುಡಿಯ ಕಡೆಗೆ ಕೈತೋರಿಸಿ, ಏನೋ ಗಟ್ಟಿಯಾಗಿ ಹೇಳಿದರು. "ದೇವರಿಗೆ ಇಟ್ಟದ್ದನ್ನು ನನಗೆ ಕೊಡಬೇಡಿ ಅಂತಿದಾರೆ" ಎಂದಳು ಚಾರುಮತಿ. ಕೊಡುವ ಮಾತಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಹಾಗೆ ಶುರುವಾಯಿತು. ಶ್ರಾವಣವೆಲ್ಲ ಸಂಜೆ ಸಂಜೆ ಅವರ ಬಳಿ ಕುಳಿತೆ. ಎರಡು ಮಾರು ಅಗಲದ ಅಂಗಡಿ. ಪಕ್ಕಕ್ಕೆ ಸರಿಸುವ ಮರದ ಬಾಗಿಲು. ನಡುವೆ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಎತ್ತಿ ಸೊಂಟದಿಂದ ತಳ್ಳಬೇಕು. ಒಳಗೆ ಕುಂಕುಮದಂಥ ಕೆಂಪುಶಾಯಿ, ಅದಕ್ಕೆ ಹರಳೆಣ್ಣೆಯ ವಾಸನೆ. ಯಜಮಾನರು ಕೆತ್ತುವಾಗ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಕಚ್ಚಿಕೊಳ್ಳುವರು. ಅಕ್ಷರಗಳನ್ನು ಹಿಂದುಮುಂದಾಗಿ ಕೆತ್ತಿ ಕೆತ್ತಿ, ಬೀದಿಯ ಫಲಕಗಳನ್ನು ನೀರಗುಂಡಿಯಲ್ಲಿ ಓದುವುದೇ ಅವರಿಗೆ ಸಲೀಸು. ಇದನ್ನು ಹೇಳಿ ಹಯಾಸಮ್ಮ ನಕ್ಕರು. ಬಾಗಿಲ ಮೇಲಿನ ಪಟ್ಟಿ ಎಷ್ಟು ಎತ್ತರವೆಂದು ಕೇಳಿದೆ. ಅವರು ಎದ್ದುಬಂದು ಅಂಗೈಯನ್ನು ನನ್ನ ಗಲ್ಲದ ಮಟ್ಟಕ್ಕೆ ಹಿಡಿದರು.

"ಇಷ್ಟು ತಗ್ಗೇ?"

"ಅವರು ಕುಳ್ಳಗಿದ್ದರು. ಬಾಗಿಲನ್ನು ತಮ್ಮ ಅಳತೆಗೇ ಮಾಡಿಸಿದರು. ಬ್ಯಾಂಕಿನ ಮ್ಯಾನೇಜರ್ ಬಂದರೂ ಬಗ್ಗಬೇಕು, ರೌಡಿ ಬಂದರೂ ಬಗ್ಗಬೇಕು. ಅವರಿಗಿದ್ದ ಅಹಂಕಾರ ಅದೊಂದೇ."

ಆ ಅಹಂಕಾರ ನನಗೆ ಬಹಳ ಹಿಡಿಸಿತು. ಭಾದ್ರಪದದ ಒಂದು ಸಂಜೆ, ಇನ್ನು ಕೇಳುವುದೇನೂ ಉಳಿದಿಲ್ಲವೆಂದುಕೊಂಡಾಗ, ಹಿಂಬಾಗಿಲು ಇತ್ತೇ ಎಂದು ಕೇಳಿದೆ.

ಇತ್ತು ಎಂದರು. ಸಣ್ಣ ಬಾಗಿಲು, ಬೇಸಗೆ ಚಳಿಗಾಲ ಎನ್ನದೆ ಸದಾ ತೆರೆದಿಡುತ್ತಿದ್ದರು. ಅದರ ಹಿಂದೆ ಒಂದು ಕೊಳ, ಕೊಳದ ನಡುವೆ ಸಣ್ಣ ಗುಡಿ. ಯಜಮಾನರು ಬೆಳಿಗ್ಗೆ ಆ ನೀರಿನಲ್ಲಿ ಕೈ ತೊಳೆದು, ದೇವಿಗೆ ತಲೆಬಾಗಿ, ಬಳಿಕವೇ ಉಳಿ ಹಿಡಿಯುತ್ತಿದ್ದರು. ಬೀದಿಯನ್ನು ಕೆಡವಿದಾಗ ದೇವಿಯನ್ನು ಬೇರೆಲ್ಲಿಗೋ ಸಾಗಿಸಿದರು.

"ಯಾವ ದೇವಿ?"

"ಬೆಂಟೆನ್ ಎನ್ನುತ್ತೇವೆ. ಮಾತು, ಸಂಗೀತ, ವಿದ್ಯೆ ಕೊಡುವವಳು. ಬಹಳ ಹಿಂದೆ ನಿಮ್ಮ ದೇಶದ ಕಡೆಯಿಂದ ಬಂದಳಂತೆ."

"ಕೈಯಲ್ಲೇನಿದೆ ಅವಳಿಗೆ?" ನನ್ನ ಸ್ವರ ನನಗೇ ಬೇರೆಯಾಗಿ ಕೇಳಿಸಿತು.

ಚಾರುಮತಿ ಅನುವಾದಿಸುವ ಮೊದಲೇ ಹಯಾಸಮ್ಮ ಎರಡು ಕೈಗಳನ್ನೂ ಎತ್ತಿ, ಒಂದರಿಂದ ದಂಡಿಗೆಯನ್ನು ಹಿಡಿದು ಇನ್ನೊಂದರಿಂದ ತಂತಿ ಮೀಟುವಂತೆ ತೋರಿಸಿದರು. ನಾನು ಕುಳಿತಲ್ಲಿಂದಲೇ ಕೈ ಜೋಡಿಸಿದೆ. ನಮ್ಮ ತಾಯಿ ಕಡಲು ದಾಟಿ ಹೋಗಿ, ಬೇರೊಂದು ಹೆಸರಿನಿಂದ, ಒಬ್ಬ ಕುಳ್ಳನೆಯ ಅಕ್ಷರದವನ ಹಿತ್ತಿಲಲ್ಲಿ ಕುಳಿತಿದ್ದಳು. ಆತ ದಿನವೂ ಅವಳಿಗೆ ಬಾಗಿ ಕೆಲಸ ಶುರುಮಾಡುತ್ತಿದ್ದ. ಅಂಥವನ ಅಂಗಡಿ ಬೀಳುವಾಗ ಅವಳನ್ನೂ ಎಬ್ಬಿಸಿ ಕಳುಹಿಸಿದರು. ಅವಳಿಗೆ ನನ್ನ ಗುಡಿಬೀದಿ ಬೇಕೋ, ಈ ಎರಡು ಮಾರು ಬೇಕೋ? ಅಂದು ಗುಡಿಗೆ ಹೋಗಿ, ಗರ್ಭಗುಡಿಯ ಮುಂದೆ ಕುಳಿತು, ಅವಳನ್ನೇ ಕೇಳಿದೆ. ಅವಳು ಎಂದಿನಂತೆ ಮುಗುಳ್ನಗುತ್ತಿದ್ದಳು. ಉತ್ತರವನ್ನು ನನ್ನ ಮೇಲೆಯೇ ಬಿಟ್ಟಿದ್ದಾಳೆಂದು ಅರ್ಥಮಾಡಿಕೊಂಡೆ.

ಭಯವೂ ಇತ್ತೆಂದು ಬರೆಯಬೇಕು. ಅಜ್ಜನವರಿಂದ ಈಚೆಗೆ ನಮ್ಮ ಮನೆಯಲ್ಲಿ ಕಾಣದ್ದನ್ನು ಯಾರೂ ಓದಿರಲಿಲ್ಲ. ನಾನು ಬೇರೊಬ್ಬರ ಕಣ್ಣಿನಿಂದ ಕಂಡದ್ದನ್ನು ಓದಬೇಕಾಗಿತ್ತು. ಒಂದು ಮಾತು ಹೆಚ್ಚಾದರೆ ಗೋಡೆ ಸೊಟ್ಟಗಾದೀತು, ಮೂರು ತಲೆಮಾರಿನ ಹೆಸರು ನನ್ನೊಂದಿಗೆ ಮುಗಿದೀತು. ಕಂದಪದ್ಯಕ್ಕೆ ಕೈಹಾಕಿದೆ, ಪ್ರಾಸಕ್ಕಾಗಿ ಒಂದು ವಿಶೇಷಣ ಸೇರಿಸಿದ ಕೂಡಲೇ ಬಾಗಿಲು ಅಗಲವಾಯಿತೆನಿಸಿತು. ಹೊಡೆದುಹಾಕಿದೆ. ಹಯಾಸಮ್ಮನ ಗೌರವಕ್ಕಾಗಿ ಬಾಗಿಲನ್ನು ಒಂದು ಗೇಣು ಎತ್ತರಿಸೋಣವೇ ಎಂಬ ಆಸೆಯೂ ಬಂತು. ಅಜ್ಜನವರ ಪ್ರಮಾಣ ನೆನಪಾಗಿ ಅದನ್ನೂ ಬಿಟ್ಟೆ. ಕೊನೆಗೆ ಬರಿಯ ಗದ್ಯವೇ ನಿಂತಿತು.

ಸರಸ್ವತಿ ಪೂಜೆಯ ಬೆಳಿಗ್ಗೆ ಊರೆಲ್ಲ ಮಂಟಪದ ಮುಂದೆ ಸೇರಿತ್ತು. ಅರ್ಚಕರು ಪೂರ್ಣಕುಂಭ ಹಿಡಿದಿದ್ದರು. ಮುತ್ತಜ್ಜನ ಬೀದಿಯ ಹೆಂಗಸರು ಬೀಸಣಿಗೆ ಬೀಸುತ್ತ ಮುಂದೆ ಕುಳಿತಿದ್ದರು. ರುದ್ರಮುನಿಯಪ್ಪನವರು ರೇಷ್ಮೆ ಶಾಲು ಹೊದ್ದು, "ಶಾಸ್ತ್ರಿಗಳೇ, ಬೀದಿ ಸ್ವಲ್ಪ ಅಗಲವಾಗೇ ಬರಲಿ. ಎರಡು ಬಸ್ಸು ಎದುರುಬದುರು ಹೋಗೋ ಹಂಗೆ" ಎಂದು ಕಿವಿಯಲ್ಲಿ ಹೇಳಿದರು. ಹಯಾಸಮ್ಮ ದೂರದಲ್ಲಿ, ಬೀದಿಯ ಕೊನೆಯಲ್ಲಿ, ತಮ್ಮ ಮಣೆಯ ಮೇಲೆ ಇದ್ದರು. ನನ್ನ ನಿರ್ಧಾರ ಗೊತ್ತಿದ್ದದ್ದು ಚಾರುಮತಿಯೊಬ್ಬಳಿಗೆ. ಅವಳು ನನ್ನ ಉತ್ತರೀಯವನ್ನು ಸರಿಪಡಿಸುತ್ತ, "ನಿಧಾನಕ್ಕೆ ಓದಿ ಮಾವ. ಬಾಗಿಲ ಹತ್ರ ಅವಸರ ಮಾಡ್ಬೇಡಿ" ಎಂದಳು.

ದೇವಿಯನ್ನು ಸ್ಮರಿಸಿ ಓದತೊಡಗಿದೆ. "ಬೀದಿಯ ತುದಿಗೊಂದು ಅಂಗಡಿ. ಅಗಲ ಎರಡು ಮಾರು. ಮರದ ಬಾಗಿಲು ಪಕ್ಕಕ್ಕೆ ಸರಿಯುತ್ತದೆ, ನಡುವೆ ಸಿಕ್ಕಿಕೊಳ್ಳುತ್ತದೆ."

ಜನ ಒಬ್ಬರ ಮುಖ ಒಬ್ಬರು ನೋಡಿದರು. "ಅಂಗಡಿಯಾ? ಗುಡಿಬೀದಿ ಅಂದಿದ್ರಲ್ಲ" ಎಂದು ಯಾರೋ ಎಂದರು. ರುದ್ರಮುನಿಯಪ್ಪನವರು ಹತ್ತಿರ ಬಂದು, "ಶಾಸ್ತ್ರಿಗಳೇ, ಕಾಗದ ಅದಲುಬದಲಾಗಿದೆಯೋ ಏನೋ" ಎಂದು ಪಿಸುಗುಟ್ಟಿದರು. ನಾನು ನಿಲ್ಲಿಸಲಿಲ್ಲ, ಅರ್ಧಕ್ಕೆ ನಿಲ್ಲಿಸಿದರೆ ಅರ್ಧ ಅಂಗಡಿ. ಕೆಂಪುಶಾಯಿಯನ್ನು ಓದಿದೆ, ಹರಳೆಣ್ಣೆಯ ವಾಸನೆಯನ್ನು ಓದಿದೆ, ಉಳಿಗಳ ಸಾಲನ್ನೂ ಅವುಗಳ ಹಿಡಿಯ ಮೇಲಿನ ಬೆವರಿನ ಕರೆಯನ್ನೂ ಓದಿದೆ. "ಬಾಗಿಲಿನ ಮೇಲುಪಟ್ಟಿ ನನ್ನ ಗಲ್ಲದ ಮಟ್ಟಕ್ಕಿದೆ, ಒಳಗೆ ಬರುವವರು ಬಗ್ಗುತ್ತಾರೆ" ಎಂದೆ. ಹಿಂದಿನಿಂದ ಅಧ್ಯಕ್ಷರ ಸ್ವರ ಏರಿತು: "ಇಡೀ ಊರಿಗೆ ಕಾರ್ಡು ಹಂಚಿದೀನಿ, ಯಾರೋ ಪರದೇಶದ ಮುದುಕಿಗೆ ನಮ್ಮ ದೇವರ ಬೀದಿ ಕೊಟ್ಟುಬಿಡೋದಾ?" ಚಾರುಮತಿ ಅವರ ಕಡೆಗೆ ತಿರುಗಿ ಜಪಾನಿ ಮಾತಿನಲ್ಲಿ ಒಂದೇ ಒಂದು ವಾಕ್ಯ ಹೇಳಿದಳು. ಅರ್ಥ ತಿಳಿಯದಿದ್ದರೂ ಧಾಟಿ ತಿಳಿಯಿತು; ಅವರು ಸುಮ್ಮನಾದರು. ನಾನು ಕೊನೆಯ ಸಾಲಿಗೆ ಬಂದಿದ್ದೆ. "ಹಿಂಬಾಗಿಲು ಸದಾ ತೆರೆದಿರುತ್ತದೆ. ಅದರಾಚೆ ಕೊಳ. ಕೊಳದ ನಡುವೆ ವೀಣೆ ಹಿಡಿದ ತಾಯಿ."

ಓದು ಮುಗಿಯಿತು. ಬೀದಿಯ ಕೊನೆಯಲ್ಲಿ ಪಾನೀಯದ ಯಂತ್ರವು ಹಾರದ ಸಮೇತ ಎರಡು ಮಾರು ಸರಿದುನಿಂತಿತು. ನಮ್ಮಲ್ಲಿ ಒಂದು ವರ್ಣನೆ ಇನ್ನೊಂದನ್ನು ಅಳಿಸುವುದಿಲ್ಲ, ಜಾಗ ಬಿಡಿಸಿಕೊಳ್ಳುತ್ತದೆ. ಅದಿದ್ದಲ್ಲಿ ಕಪ್ಪಾದ ಮರದ ಸಣ್ಣ ಅಂಗಡಿ ಇತ್ತು. ಊರೆಲ್ಲ ಆ ಕಡೆಗೆ ನಡೆಯಿತು, ನಾನು ಎಲ್ಲರ ಹಿಂದೆ ನಡೆದೆ. ಹಯಾಸಮ್ಮ ಮಣೆಯಿಂದ ಎದ್ದು ಬಾಗಿಲ ಮುಂದೆ ನಿಂತಿದ್ದರು. ಕೈಯಿಟ್ಟು ಸರಿಸಿದರು. ಬಾಗಿಲು ಬಂತು, ನಡುವೆ ನಿಂತಿತು. ಜನ "ಅಯ್ಯೋ" ಎಂದರು. ಶಾಸ್ತ್ರಿಗಳ ಬಾಗಿಲು ಸಿಕ್ಕಿಕೊಂಡಿತು ಎಂದುಕೊಂಡರು. ಹಯಾಸಮ್ಮ ಮಾತ್ರ ತಿರುಗಿ, ಅಷ್ಟು ಜನರ ನಡುವೆ ನನ್ನನ್ನು ಹುಡುಕಿ ನೋಡಿದರು. ಬಳಿಕ ಬಾಗಿಲನ್ನು ಸ್ವಲ್ಪ ಎತ್ತಿ, ಸೊಂಟದಿಂದ ಒಮ್ಮೆ ತಳ್ಳಿದರು. ಅದು ಗೊರ್ರೆಂದು ಪೂರ್ತಿ ಸರಿಯಿತು. ಆ ಸದ್ದನ್ನು ನಾನು ಓದಿರಲಿಲ್ಲ. ಕೇಳಿದೊಡನೆ ಅವರು ಬಾಗಿಲಿಗೆ ಹಣೆಯಿಟ್ಟು ಅತ್ತರು. ಊರಿಗೆ ಬಂದಮೇಲೆ ಅವರು ಎಲ್ಲರೆದುರು ಅತ್ತದ್ದು ಅದೊಂದೇ ಸಲ.

ಹೊರಗೆ ನಿಂತವರಿಗೆ ಕಾಣಿಸಿದ್ದು ಬೇರೆ. ಮುಂಬಾಗಿಲು ತೆರೆದಿತ್ತು, ಹಿಂಬಾಗಿಲು ತೆರೆದೇ ಇತ್ತು. ಎರಡರ ನೇರಕ್ಕೆ, ಚೌಕಟ್ಟಿನೊಳಗೆ ಇಟ್ಟಂತೆ, ಕೊಳದ ನೀರು ಹೊಳೆಯುತ್ತಿತ್ತು. ಮುಳ್ಳುಪೊದೆಯಿರಲಿಲ್ಲ, ಕೆಸರಿರಲಿಲ್ಲ. ಕೊಳದ ನಡುವೆ ನಮ್ಮ ವಾಗ್ದೇವಿಯ ಗುಡಿ ಇತ್ತು. ಅಜ್ಜನ ಬೀದಿ, ತಂದೆಯ ಬೀದಿ, ಸೊಸೆಯ ಬೀದಿ, ಇವು ಮೂರೂ ಒಂದರ ಹಿಂದೊಂದು ಬಂದು ಆ ಬಾಗಿಲನ್ನು ಹೊಕ್ಕು, ತಾಯಿಯ ಪಾದಕ್ಕೆ ಮುಟ್ಟಿದ್ದವು. ಅವಳು ಅಲ್ಲಿ ಇದ್ದಳು, ಇಲ್ಲಿಯೂ ಇದ್ದಳು. ನಡುವೆ ಇದ್ದದ್ದು ಒಂದು ಗೋಡೆ. ಅರ್ಚಕರು ಪೂರ್ಣಕುಂಭವನ್ನು ಎದೆಗೆ ಒತ್ತಿಕೊಂಡು ನಿಂತಲ್ಲೇ ನಿಂತುಬಿಟ್ಟರು. ಆಮೇಲೆ ಯಾರೋ ಜಯಕಾರ ಹಾಕಿದರು.

ಮೊದಲು ಒಳಗೆ ಹೋಗುವ ಮರ್ಯಾದೆ ಅಧ್ಯಕ್ಷರದು. ರುದ್ರಮುನಿಯಪ್ಪನವರು ಶಾಲು ಸರಿಪಡಿಸಿಕೊಂಡು, ಎದೆಯುಬ್ಬಿಸಿ ಹೆಜ್ಜೆಯಿಟ್ಟರು. ಮೇಲುಪಟ್ಟಿಗೆ ಹಣೆ ತಾಗಿದ ಸದ್ದು ತಿಮ್ಮಕ್ಕನ ಹೂವಿನ ಬುಟ್ಟಿಯವರೆಗೂ ಕೇಳಿಸಿತು. "ಬಗ್ಗಿ ಸ್ವಾಮಿ! ಶಾಸ್ತ್ರಿಗಳು ಓದಿದ್ರಲ್ಲ, ಕೇಳಿಸ್ಕೊಳ್ಲಿಲ್ವಾ?" ಎಂದು ಅವಳು ಕೂಗಿದಳು. ಅವರು ಹಣೆ ಉಜ್ಜಿಕೊಳ್ಳುತ್ತ ಒಂದು ಕ್ಷಣ ನನ್ನನ್ನು ದುರುಗುಟ್ಟಿ ನೋಡಿದರು. ಬಳಿಕ, ಅವರ ದೊಡ್ಡತನವನ್ನು ಇಲ್ಲಿ ಬರೆಯಲೇಬೇಕು, ಶಾಲನ್ನು ಸೊಂಟಕ್ಕೆ ಸುತ್ತಿ, ನಡು ಬಗ್ಗಿಸಿ, ತಲೆತಗ್ಗಿಸಿ ಒಳಗೆ ಹೋದರು. ಆ ಕಡೆಯಿಂದ ಹೊರಬಂದಾಗಲೂ ತಲೆ ಹಾಗೆಯೇ ತಗ್ಗಿತ್ತು, ಎದುರಿಗೆ ದೇವಿ ಇದ್ದಳು.

ಹಯಾಸಮ್ಮ ಈಗ ಇಲ್ಲಿಯೇ ಇದ್ದಾರೆ. ಮಣೆಯನ್ನು ಒಳಗೆ ಅದರ ಜಾಗದಲ್ಲಿಟ್ಟು, ಪಕ್ಕದಲ್ಲಿ ತಾವು ಕೂರುತ್ತಾರೆ. ಹೊಸಬರು ಬಾಗಿಲಿಗೆ ಬಂದರೆ ತಾವು ಕಲಿತ ಮೊದಲ ಕನ್ನಡ ಮಾತನ್ನು, "ತಲೆ! ತಲೆ!" ಎಂಬುದನ್ನು, ಎಚ್ಚರಿಕೆಯಾಗಿ ಕೂಗುತ್ತಾರೆ. ಚಾರುಮತಿ ಅವರಿಂದ ಸಭ್ಯವಾದ ಜಪಾನಿ ಕಲಿಯುತ್ತಿದ್ದಾಳೆ. ರೌಡಿ ಮಾತನ್ನು ಪುರಸಭೆಯ ಸಭೆಗಳಿಗೆಂದು ಉಳಿಸಿಕೊಂಡಿದ್ದಾಳೆ. ನನ್ನ ಕಂದಪದ್ಯಗಳು ಪೆಟ್ಟಿಗೆಯಲ್ಲಿವೆ, ಅವುಗಳಿಂದ ಇನ್ನು ಒಂದು ಇಟ್ಟಿಗೆಯೂ ಏಳುವುದಿಲ್ಲ. ನಾನು ದಿನವೂ ಬೆಳಿಗ್ಗೆ ಸ್ನಾನ ಮುಗಿಸಿ ಆ ದಾರಿಯಲ್ಲಿ ಗುಡಿಗೆ ಹೋಗುತ್ತೇನೆ. ನನ್ನ ಹಿರಿಯರು ನಿಲ್ಲಿಸಿದ ಬೀದಿಗಳಲ್ಲಿ ಊರವರೆಲ್ಲ ತಲೆಯೆತ್ತಿ ನಡೆಯುತ್ತಾರೆ. ನಾನು ನಿಲ್ಲಿಸಿದ ಎರಡು ಮಾರಿನಲ್ಲಿ ಮಾತ್ರ, ಯಾರೇ ಆಗಲಿ, ಬಗ್ಗಿಯೇ ಹೋಗಬೇಕು. ನಾನೂ ಬಗ್ಗುತ್ತೇನೆ, ಬಹಳ ಹೆಮ್ಮೆಯಿಂದ.